ರಣಭೇರಿಯ ನಡುವೆ ಕೇಳಿಸದ ಭಿನ್ನಮತ

ಭದ್ರಾನದಿಗೆ ಅಣೆಕಟ್ಟು ಏಳುವುದಕ್ಕೆ ಬಹುಕಾಲ ಮೊದಲೇ ಲಕ್ಕವಳ್ಳಿಯ ಸೀಮೆ ಲೋಕದ ವ್ಯವಹಾರಗಳಿಗೆ ತನ್ನ ಪಾಲನ್ನು ಸಲ್ಲಿಸತೊಡಗಿದ್ದಿತು. ಇದೇ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರೂ ಸುತ್ತಣ ಕಾಡುಗಳ ಮರದಿಂದಾದ ಇದ್ದಿಲೂ ಭದ್ರಾವತಿಯ ಕುಲುಮೆಯನ್ನು ಸೇರಿ 1923ರಿಂದ ಕಬ್ಬಿಣವಾಗಿ ಹೊರಬರುತ್ತಿದ್ದವು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಗೆ ಮಲೆನಾಡಿನ ಬಿದಿರು ಹೋಗುತ್ತಿದ್ದಿತು. ಎರಡನೆಯ ಮಹಾಯುದ್ಧ ಬಂದಾಗ ಕಬ್ಬಿಣಕ್ಕೆ ಬೇಡಿಕೆ ಹೆಚ್ಚಿತು, ಸೀಮೆಎಣ್ಣೆ ಬಟ್ಟೆ ಸಕ್ಕರೆಗಳಿಗೆ ಅಭಾವ ಬಂದಿತು, ರೈತನ ಕಣದಿಂದ ಧಾನ್ಯವನ್ನು ಲೆವಿಯ ಹೆಸರಿನಲ್ಲಿ ಅಳೆದು ಒಯ್ಯುವ ಕಾಲ ಬಂದಿತು. ಯುದ್ಧದ ಭಾರವನ್ನು ಹೊರುವುದರಲ್ಲಿ ಈ ಪ್ರಾಂತದ ಜನ ಹಿಂದೆ ಬೀಳಲಿಲ್ಲ. ಆದರೆ ಆ ಯುದ್ಧ ಯಾರ ನಿರ್ಧಾರದಿಂದ ನಮ್ಮ ಮೇಲೆ ಬಂದಿತು, ಅದನ್ನು ಒಪ್ಪದವರು ಯಾರು, ಒಪ್ಪದಿರುವುದಕ್ಕೆ ಅವರು ಕೊಟ್ಟ ಕಾರಣಗಳೇನು ಎಂಬುದನ್ನು ತಿಳಿಯಲು ಪತ್ರಿಕೆಯನ್ನು ಕೈಗೆತ್ತಿಕೊಂಡವನಿಗೆ ದೊರೆಯುತ್ತಿದ್ದುದು ಬಹುಮಟ್ಟಿಗೆ ಸರ್ಕಾರ ಹೇಳಿದ್ದು ಮಾತ್ರ. ಭಾರವನ್ನು ಹೊರುವವನಿಗೆ ಕಾರಣವನ್ನು ಕೇಳುವ ಅಧಿಕಾರವಿಲ್ಲದಂತಾಗುವ ಈ ಸ್ಥಿತಿ ಹೇಗೆ ಉಂಟಾಗುತ್ತದೆ, ಅದರಲ್ಲಿ ಪತ್ರಿಕೆಗಳ ಪಾಲೆಷ್ಟು, ಆಗ ಉಂಟಾದದ್ದು ಈಗಲೂ ಉಂಟಾಗುತ್ತಿದೆಯೇ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮೈಸೂರು ಸಂಸ್ಥಾನವು ಅನೇಕ ವಿಷಯಗಳಲ್ಲಿ ಮಾದರಿಯೆನಿಸಿಕೊಂಡಿದ್ದರೂ ಪತ್ರಿಕೆಗಳ ವಿಷಯದಲ್ಲಿ ಅದರ ಶಾಸನ ಕಠೋರವಾಗಿತ್ತು. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಜಾರಿಗೆ ಬಂದ ವೃತ್ತಪತ್ರಿಕಾ ಕಾಯಿದೆಯ ಮೇರೆಗೆ ಸರ್ಕಾರದ ಅಪ್ಪಣೆಯಿಲ್ಲದೆ ಯಾರೂ ಪತ್ರಿಕೆಯನ್ನು ಹೊರಡಿಸುವಂತಿರಲಿಲ್ಲ; ಕೊಟ್ಟ ಅಪ್ಪಣೆಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರ್ಕಾರದ್ದೇ ಆಗಿತ್ತು. ಇದನ್ನು ಪ್ರತಿಭಟಿಸಿ ತಾತಯ್ಯನವರೆಂದು ನಾಡೆಲ್ಲ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರೇ ಮೊದಲಾದವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅದೇ ಕಾಲದಲ್ಲಿ ಪತ್ರಿಕಾವೃತ್ತಿಯನ್ನು ಹಿಡಿದ ಡಿ. ವಿ. ಗುಂಡಪ್ಪನವರು ಜೀವಮಾನವೆಲ್ಲ ಎತ್ತಿ ಹಿಡಿದ ತತ್ತ್ವವೂ ಇದೇ: ರಾಜ್ಯಭಾರವನ್ನು ವಿಮರ್ಶಿಸುವುದು ರಾಜದ್ರೋಹವಲ್ಲ, ರಾಜ್ಯಕ್ಕೆ ಸಲ್ಲತಕ್ಕ ಸೇವೆ. ದಸರೆಯ ಸಮಯದಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ ತಾಲ್ಲೂಕುಗಳಿಂದ ಬಂದ ಪ್ರತಿನಿಧಿಗಳು ಕೆರೆ ಕಾಲುವೆಗಳ ವಿಷಯವನ್ನೂ ಕಂದಾಯದ ವಿಷಯವನ್ನೂ ಅರಿಕೆ ಮಾಡಿಕೊಳ್ಳಬಹುದಾಗಿತ್ತು. ಆದರೆ ಆ ಅರಿಕೆಗೆ ಉತ್ತರ ಬಂದಿತೇ ಇಲ್ಲವೇ ಎಂಬುದನ್ನು ವರ್ಷವಿಡೀ ಬೆನ್ನು ಹತ್ತಿ ಕೇಳತಕ್ಕ ಪತ್ರಿಕೆಯು ತನ್ನ ಪರವಾನಗಿಯ ಚಿಂತೆಯಲ್ಲೇ ಕಾಲ ಕಳೆಯಬೇಕಾಗಿದ್ದಿತು.

ಆ ಕಟ್ಟಳೆಯ ಕೆಳಗೂ ಧೈರ್ಯಶಾಲಿಗಳಿಗೆ ಕೊರತೆಯಿರಲಿಲ್ಲ ಎಂಬುದನ್ನು ಮರೆಯಬಾರದು. ತಿರುಮಲೆ ತಾತಾಚಾರ್ಯ ಶರ್ಮರ ‘ವಿಶ್ವಕರ್ನಾಟಕ’ವು 1937ರಲ್ಲಿ ಕೆ. ಎಫ್. ನಾರಿಮನ್ನರ ಬಂಧನದ ಸಂಬಂಧದಲ್ಲಿ ಬರೆದುದಕ್ಕಾಗಿ ಮೊಕದ್ದಮೆಯನ್ನು ಎದುರಿಸಿತು. ಮರುವರ್ಷ, 1938ರ ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆಂದು ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ, ಸತ್ತವರ ಸಂಖ್ಯೆಯ ವಿಷಯದಲ್ಲಿ ಸರ್ಕಾರ ಹೇಳಿದ್ದನ್ನು ನಾಡು ಹಾಗೆಯೇ ನುಂಗಲಿಲ್ಲ. ಸರ್ಕಾರದ ಲೆಕ್ಕ ಹತ್ತರ ಆಸುಪಾಸಿನಲ್ಲಿ ನಿಂತಿತು. ಜನರ ಲೆಕ್ಕ ಮೂವತ್ತನ್ನು ಮೀರಿತು. ಸುದ್ದಿ ಸಂಸ್ಥಾನದ ಗಡಿಯನ್ನು ದಾಟಿ ಗಾಂಧೀಜಿಯವರನ್ನು ಮುಟ್ಟಿತು; ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು; ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಯಿತು; ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ಕುಳಿತಿತು. ಸತ್ತವರು ಹಿಂತಿರುಗಿ ಬರಲಿಲ್ಲ, ನಿಜ. ಆದರೆ ಪ್ರಶ್ನೆಯೊಂದು ಎದ್ದಿತು, ಅದಕ್ಕೆ ಉತ್ತರ ಕೊಡಬೇಕೆಂಬ ನಿರ್ಬಂಧ ಸರ್ಕಾರಕ್ಕೆ ಬಂದಿತು.

ಇದರ ಪಕ್ಕದಲ್ಲಿ ನಾಲ್ಕೇ ವರ್ಷಗಳ ಅನಂತರದ ಇನ್ನೊಂದು ಊರನ್ನು ಇಟ್ಟು ನೋಡಬೇಕು. ಲಕ್ಕವಳ್ಳಿಯಿಂದ ಹೊರಟು ಭದ್ರಾವತಿ ಶಿವಮೊಗ್ಗಗಳನ್ನು ದಾಟಿದರೆ ಶಿಕಾರಿಪುರ ತಾಲ್ಲೂಕಿನ ಈಸೂರು ಸಿಗುತ್ತದೆ. 1942ರ ಸೆಪ್ಟೆಂಬರಿನಲ್ಲಿ ಆ ಊರಿನವರು ಕಂದಾಯ ಕೊಡುವುದಿಲ್ಲವೆಂದು ನಿಶ್ಚಯಿಸಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಇಲ್ಲಿ ಪ್ರವೇಶವಿಲ್ಲವೆಂದು ಹಲಗೆ ಕಟ್ಟಿದರು. ವೀರಭದ್ರ ದೇವಾಲಯದ ಮೇಲೆ ತ್ರಿವರ್ಣಧ್ವಜವನ್ನೇರಿಸಿ ತಮ್ಮದೇ ಸರ್ಕಾರವನ್ನು ಘೋಷಿಸಿ, ಹುಡುಗರನ್ನೇ ಅಮಲ್ದಾರನೆಂದೂ ಸಬ್‌ಇನ್ಸ್‌ಪೆಕ್ಟರನೆಂದೂ ನೇಮಿಸಿಕೊಂಡರು. ಸೆಪ್ಟೆಂಬರ್ 28ರಂದು ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಹತರಾದರು. ಅದು ಘೋರಕೃತ್ಯವೆಂಬುದರಲ್ಲಿ ಸಂದೇಹವಿಲ್ಲ. ಕರ್ತವ್ಯದ ಮೇಲೆ ಹೋಗಿದ್ದ ಇಬ್ಬರ ಪ್ರಾಣ ಹೋಯಿತು. ಆದರೆ ಅನಂತರ ನಡೆದುದೇನು? ಪೊಲೀಸರೂ ಸೈನಿಕರೂ ಊರನ್ನು ಹೊಕ್ಕರು, ಗಂಡಸರು ಕಾಡು ಸೇರಿದರು, ಮನೆಗಳು ಸೂರೆಹೋದವು, ಹೆಂಗಸರಿಗೂ ದೀರ್ಘ ಕಾರಾಗೃಹವಾಸದ ಶಿಕ್ಷೆಯಾಯಿತು, 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಜನರ ಬಾಯಲ್ಲಿ ಉಳಿದು ಬಂದಿದೆ.

ವಿದುರಾಶ್ವತ್ಥಕ್ಕೂ ಈಸೂರಿಗೂ ನಡುವೆ ಭೇದಗಳು ಅನೇಕ. ಒಂದರಲ್ಲಿ ಸತ್ತವರು ಪ್ರಜೆಗಳು, ಇನ್ನೊಂದರಲ್ಲಿ ಅಧಿಕಾರಿಗಳು. ಆದರೆ ಕಾಲದ ಭೇದವನ್ನೂ ಲಕ್ಷ್ಯಕ್ಕೆ ತಂದುಕೊಳ್ಳಬೇಕು. 1938ರಲ್ಲಿ ಯುದ್ಧವಿರಲಿಲ್ಲ, 1942ರಲ್ಲಿ ಯುದ್ಧವಿತ್ತು. ಸ್ವತಂತ್ರವಾದ ವರದಿಗಾರರು ಊರೂರು ಸುತ್ತಿ, ಕಂದಾಯ ಏಕೆ ನಿಂತಿತು, ಲೆವಿಯ ಬಾಧೆ ಎಷ್ಟು, ಹಲಗೆ ಕಟ್ಟುವಷ್ಟು ರೋಷ ಎಲ್ಲಿಂದ ಬಂದಿತು ಎಂಬುದನ್ನು ಸೆಪ್ಟೆಂಬರಿಗೆ ಮೊದಲೇ ಬರೆಯುವಂತಿದ್ದಿದ್ದರೆ, ಆ ರೋಷ ರಕ್ತಪಾತಕ್ಕೆ ತಿರುಗುವ ಮುನ್ನವೇ ಯಾರಾದರೂ ಅದನ್ನು ಕಿವಿಗೆ ಹಾಕಿಕೊಳ್ಳುವ ಸಂಭವವಿದ್ದಿತು. ಭದ್ರೆಯ ದಂಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ: ಕೋಡಿಯಿಲ್ಲದೆ ಕಟ್ಟಿದ ಕೆರೆ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. ಅಸಮ್ಮತಿಗೆ ಪತ್ರಿಕೆಯಲ್ಲಿ ಎಡೆ ಕೊಡದ ರಾಜ್ಯವು ಅಸಮ್ಮತಿಯನ್ನು ನಾಶಮಾಡಿದಂತಾಗುವುದಿಲ್ಲ. ಅದು ಎಲ್ಲಿ, ಯಾವಾಗ, ಯಾವ ರೂಪದಲ್ಲಿ ಹೊರಬರುತ್ತದೆಂಬುದನ್ನು ಮುಂದಾಗಿ ಅರಿಯುವ ಸಾಧನವನ್ನು ಮಾತ್ರ ಕಳೆದುಕೊಳ್ಳುತ್ತದೆ.

ಹಾಗಾದರೆ ಆ ದಿನಗಳ ಪತ್ರಿಕೆಗಳ ಬಾಯಿ ಕಟ್ಟಿದ್ದು ಬರಿಯ ಬಲಾತ್ಕಾರವೇ? ಇಲ್ಲಿ ನಮ್ಮ ಕಾಲಕ್ಕೂ ಪಾಠವಾಗತಕ್ಕ ಒಂದು ಸಂಗತಿಯುಂಟು. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತೀಯರನ್ನು ಕೇಳದೆಯೇ ಭಾರತವು ಯುದ್ಧದಲ್ಲಿದೆಯೆಂದು ಸಾರಿದರು. ಯುದ್ಧವನ್ನು ವಿರೋಧಿಸಿ ಮಾತನಾಡುವ ಸ್ವಾತಂತ್ರ್ಯಕ್ಕಾಗಿಯೇ ಗಾಂಧೀಜಿಯವರು 1940ರ ಅಕ್ಟೋಬರ್ 17ರಂದು ವಿನೋಬಾ ಭಾವೆಯವರ ಮೂಲಕ ವೈಯಕ್ತಿಕ ಸತ್ಯಾಗ್ರಹವನ್ನು ಆರಂಭಿಸಿದರು. ಈ ಯುದ್ಧಕ್ಕೆ ಹಣದಿಂದಾಗಲಿ ಜನದಿಂದಾಗಲಿ ನೆರವಾಗುವುದು ತಪ್ಪು ಎಂದು ಒಬ್ಬ ಮನುಷ್ಯ ಶಾಂತನಾಗಿ ನಿಂತು ಹೇಳುವುದು, ಅದಕ್ಕಾಗಿ ಸೆರೆಗೆ ಹೋಗುವುದು, ಇಷ್ಟೇ ಅದರ ವಿಧಾನ. ಸರ್ಕಾರವು ಯುದ್ಧವಿರೋಧವನ್ನು ಪ್ರಚೋದಿಸುವಂಥದೇನನ್ನೂ ಅಚ್ಚು ಹಾಕಕೂಡದೆಂದು ಆಜ್ಞೆ ಹೊರಡಿಸಿತು. ಗಾಂಧೀಜಿಯವರು ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆದು ‘ಹರಿಜನ’ವನ್ನು ನಡೆಸುವುದಕ್ಕಿಂತ ಅದನ್ನು ನಿಲ್ಲಿಸುವುದೇ ಲೇಸೆಂದು ನಿಲ್ಲಿಸಿಬಿಟ್ಟರು. ಇತರ ಪತ್ರಿಕೆಗಳ ಸಂಪಾದಕರು ನವೆಂಬರಿನಲ್ಲಿ ದೆಹಲಿಯಲ್ಲಿ ಕೂಡಿದರು. ಅಖಿಲ ಭಾರತ ವೃತ್ತಪತ್ರಿಕಾ ಸಂಪಾದಕರ ಸಮ್ಮೇಳನವು ಹುಟ್ಟಿದ್ದು ಆ ವರ್ಷದಲ್ಲೇ. ‘ದಿ ಹಿಂದೂ’ ಪತ್ರಿಕೆಯ ಕೆ. ಶ್ರೀನಿವಾಸನ್ ಅದರ ಅಧ್ಯಕ್ಷರು. ಸರ್ಕಾರದೊಡನೆ ಒಂದು ಒಡಂಬಡಿಕೆಯಾಯಿತು: ಸರ್ಕಾರ ಆಜ್ಞೆಯನ್ನು ಹಿಂತೆಗೆದುಕೊಳ್ಳತಕ್ಕದ್ದು, ಸಂಪಾದಕರು ತಾವಾಗಿಯೇ ಸಂಯಮವನ್ನು ಪಾಲಿಸತಕ್ಕದ್ದು, ಎರಡೂ ಕಡೆಯವರಿರುವ ಸಲಹಾ ಸಮಿತಿಗಳು ನಡುವೆ ನಿಲ್ಲತಕ್ಕದ್ದು.

ಆ ಸಂಪಾದಕರು ಹೇಡಿಗಳೆಂದು ಹೇಳುವುದು ಅನ್ಯಾಯವಾದೀತು. ಪತ್ರಿಕೆ ಮುಚ್ಚಿಹೋದರೆ ಅಷ್ಟಿಷ್ಟು ಸತ್ಯವೂ ಹೊರಬರದೆಂಬ ಅವರ ತರ್ಕದಲ್ಲಿ ಹುರುಳಿದ್ದಿತು. ಪತ್ರಿಕಾ ಕಾಗದವೆಲ್ಲ ಸಮುದ್ರದಾಚೆಯಿಂದ ಬರಬೇಕಾಗಿದ್ದ ಆ ಕಾಲದಲ್ಲಿ ಅದರ ಹಂಚಿಕೆ ಸರ್ಕಾರದ ಕೈಯಲ್ಲಿದ್ದಿತೆಂಬುದನ್ನೂ ನೆನೆಯಬೇಕು. ಆದರೆ ಸಂಯಮವನ್ನು ಒಪ್ಪಂದದ ಕರಾರಾಗಿ ಬರೆದುಕೊಟ್ಟವನಿಗೆ, ಸಂಯಮ ಎಲ್ಲಿ ಮುಗಿದು ಮೌನ ಎಲ್ಲಿ ಆರಂಭವಾಗುತ್ತದೆಂಬುದನ್ನು ನಿರ್ಣಯಿಸುವ ಅಧಿಕಾರ ಉಳಿಯುವುದಿಲ್ಲ. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ‘ಭಾರತ ಬಿಟ್ಟು ತೊಲಗಿ’ ನಿರ್ಣಯವಾಗುತ್ತಿದ್ದಂತೆಯೇ ಸರ್ಕಾರವು ಚಳವಳಿಯ ಸುದ್ದಿಯನ್ನು ಅಧಿಕೃತ ಮೂಲಗಳಿಂದಾಗಲಿ ಹೆಸರು ನೋಂದಾಯಿಸಿದ ವರದಿಗಾರರಿಂದಾಗಲಿ ಬಂದ ಹೊರತು ಪ್ರಕಟಿಸಕೂಡದೆಂದು ಕಟ್ಟುಮಾಡಿತು. ‘ನ್ಯಾಷನಲ್ ಹೆರಾಲ್ಡ್’ ಮೊದಲಾದ ಕೆಲವು ಪತ್ರಿಕೆಗಳು ಬಾಗಿಲು ಹಾಕಿದವು; ಉಳಿದವು ನಡೆದವು. ನಾಡಿಗೆ ಬೇಕಾಗಿದ್ದ ಸುದ್ದಿ ಬೇರೆ ದಾರಿ ಹಿಡಿಯಿತು: ಕೈಯಿಂದ ಕೈಗೆ ಸಾಗುವ ಗುಪ್ತ ಕರಪತ್ರಗಳಾಯಿತು, ಉಷಾ ಮೆಹತಾ ಮತ್ತು ಸಂಗಡಿಗರು ನವೆಂಬರಿನಲ್ಲಿ ಸೆರೆಸಿಕ್ಕುವವರೆಗೂ ನಡೆಸಿದ ಗುಪ್ತ ರೇಡಿಯೋ ಆಯಿತು, ಕೊನೆಗೆ ಊಹಾಪೋಹವೂ ಆಯಿತು. ನಂಬತಕ್ಕ ಪತ್ರಿಕೆ ಸುಮ್ಮನಾದ ಊರಿನಲ್ಲಿ ವದಂತಿಯೇ ಪತ್ರಿಕೆಯಾಗುತ್ತದೆ.

ಮೌನವನ್ನು ಮುರಿಯಲು ಸಾಧ್ಯವೇ ಇರಲಿಲ್ಲವೆಂದು ಹೇಳುವವರಿಗೆ ಅದೇ ಸಂಪಾದಕರು ಒಂದು ಉತ್ತರವನ್ನು ಕೊಟ್ಟರು. ಮಧ್ಯಪ್ರಾಂತದ ಚಿಮೂರಿನಲ್ಲಿ ಸ್ತ್ರೀಯರ ಮೇಲೆ ನಡೆದ ಅತ್ಯಾಚಾರಗಳನ್ನು ವಿಚಾರಣೆ ಮಾಡಬೇಕೆಂದು ಪ್ರೊಫೆಸರ್ ಭನ್ಸಾಲಿಯವರು ಉಪವಾಸ ಹಿಡಿದಾಗ ಆ ಸುದ್ದಿಯನ್ನೂ ಪ್ರಕಟಿಸದಂತೆ ತಡೆಯಲಾಯಿತು. ಒಂದು ಪತ್ರಿಕೆ ಒಂಟಿಯಾಗಿ ಪ್ರಕಟಿಸಿದ್ದರೆ ಮುಚ್ಚಿಹೋಗುತ್ತಿದ್ದಿತು. ಆದರೆ ದೇಶದ ಪತ್ರಿಕೆಗಳು ಒಟ್ಟುಗೂಡಿ ಹೊಸವರ್ಷದ ಬಿರುದುಬಾವಲಿಗಳ ಪಟ್ಟಿಯನ್ನು ಅಚ್ಚು ಹಾಕುವುದಿಲ್ಲವೆಂದು ನಿರ್ಧರಿಸಿ, 1943ರ ಜನವರಿ 6ರಂದು ಒಂದು ದಿನ ಪ್ರಕಟಣೆಯನ್ನೇ ನಿಲ್ಲಿಸಿದವು. ಕೆಲವೇ ದಿನಗಳಲ್ಲಿ ಸರ್ಕಾರ ಮೆತ್ತಗಾಯಿತು, ಉಪವಾಸವೂ ಮುಗಿಯಿತು. ಒಬ್ಬೊಬ್ಬರಾಗಿ ಸಾಧ್ಯವಾಗದ ಧೈರ್ಯ ಎಲ್ಲರೂ ಸೇರಿದರೆ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ಸುದ್ದಿಯ ಗಿರಾಕಿಗಾಗಿ ಪರಸ್ಪರ ಹಣಾಹಣಿಗೆ ನಿಂತಿರುವ ಇಂದಿನ ಮಾಧ್ಯಮಗಳು ಮುಖ್ಯವಾಗಿ ಕಲಿಯತಕ್ಕ ಪಾಠವೂ ಇದೇ.

ಯುದ್ಧಕಾಲದಲ್ಲಿ ಪ್ರಶ್ನೆ ಕೇಳದಿದ್ದರೆ ಆಗುವ ನಷ್ಟ ಕೇವಲ ತತ್ತ್ವದ ನಷ್ಟವಲ್ಲ. ಅದೇ 1943ರಲ್ಲಿ ಬಂಗಾಳದಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಬಿದ್ದು ಸಾಯುತ್ತಿದ್ದಾಗ ಅಧಿಕಾರಿಗಳು ಕ್ಷಾಮವೆಂಬುದನ್ನೇ ಒಪ್ಪಿಕೊಳ್ಳಲಿಲ್ಲ. ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್, ಆತ ಆಂಗ್ಲೇಯ, ಆತನ ಪತ್ರಿಕೆ ಸರ್ಕಾರದ ಆಪ್ತವರ್ಗದ್ದು, ಆಗಸ್ಟ್ 22ರಂದು ಕಲ್ಕತ್ತೆಯ ಬೀದಿಗಳ ಚಿತ್ರಗಳನ್ನು ಪ್ರಕಟಿಸಿದ ಮೇಲೆ ಲೋಕ ಎಚ್ಚೆತ್ತಿತು. ಅಷ್ಟರಲ್ಲಿ ಕಾಲ ಮಿಂಚಿದ್ದಿತು. ಸರ್ಕಾರ ನೇಮಿಸಿದ ಆಯೋಗದ ಅಂದಾಜಿನಂತೆಯೇ ಸತ್ತವರು 15 ಲಕ್ಷ, ಬೇರೆ ಅಂದಾಜುಗಳು ಅದಕ್ಕಿಂತ ಬಹಳ ಹೆಚ್ಚು. ಸ್ವತಂತ್ರ ಪತ್ರಿಕೆಗಳೂ ವಿರೋಧಪಕ್ಷವೂ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸದೆಂದು ಅಮರ್ತ್ಯ ಸೇನರು ಮುಂದೆ ಪ್ರತಿಪಾದಿಸಿದ ಸಿದ್ಧಾಂತಕ್ಕೆ ಈ ದುರಂತದ ಅಧ್ಯಯನವೂ ಆಧಾರವಾಯಿತು. ಕಲ್ಕತ್ತೆಯ ಸಂಪಾದಕ ಆ ಚಿತ್ರಗಳನ್ನು ಮೇ ತಿಂಗಳಲ್ಲೇ ಪ್ರಕಟಿಸುವಂತಿದ್ದಿದ್ದರೆ ಎಷ್ಟು ಪ್ರಾಣಗಳು ಉಳಿಯುತ್ತಿದ್ದವೆಂಬುದನ್ನು ಯೋಚಿಸಿದರೆ, ಕೇಳದ ಪ್ರಶ್ನೆಯ ಬೆಲೆಯೇನೆಂಬುದು ಅರ್ಥವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದು ಪ್ರಾಮಾಣಿಕವಾದ ಆಕ್ಷೇಪಣೆ. ಶತ್ರು ಎದುರಿಗಿರುವಾಗ ಸರ್ಕಾರವನ್ನು ಪ್ರಶ್ನಿಸಿದರೆ ಸೈನಿಕರ ಧೈರ್ಯ ಕುಂದುವುದಿಲ್ಲವೇ, ರಹಸ್ಯಗಳು ಬಯಲಾಗುವುದಿಲ್ಲವೇ ಎಂದು ಮಗನನ್ನು ಸೈನ್ಯಕ್ಕೆ ಕಳುಹಿಸಿದ ತಂದೆ ಕೇಳಿದರೆ ಅವನಿಗೆ ಗೌರವದಿಂದ ಉತ್ತರ ಹೇಳಬೇಕು. ಸೈನ್ಯ ಯಾವ ದಾರಿಯಲ್ಲಿ ಸಾಗುತ್ತಿದೆ, ಯಾವ ನೆಲೆಯಲ್ಲಿ ಎಷ್ಟು ಬಲವಿದೆ, ಮುಂದಿನ ಆಕ್ರಮಣ ಯಾವಾಗ ಎಂಬುವು ರಹಸ್ಯಗಳು, ಅವನ್ನು ಪ್ರಕಟಿಸತಕ್ಕದ್ದಲ್ಲ. 2008ರ ಮುಂಬಯಿ ದಾಳಿಯ ನೇರಪ್ರಸಾರದಿಂದ ಆದ ಅಪಾಯವನ್ನು ಯಾರೂ ಮರೆತಿಲ್ಲ. ನಡೆಯುತ್ತಿರುವ ಕಾರ್ಯಾಚರಣೆಯನ್ನು ನೇರವಾಗಿ ತೋರಿಸಬಾರದೆಂಬ ಇಂದಿನ ನಿಯಮ ಯುಕ್ತವಾದದ್ದು. ಆದರೆ ಯುದ್ಧದ ಉದ್ದೇಶವೇನು, ಅದಕ್ಕೆ ಮುನ್ನ ರಕ್ಷಣೆಯಲ್ಲಿ ಲೋಪವಾದದ್ದೆಲ್ಲಿ, ನಮಗಾದ ನಷ್ಟವೆಷ್ಟು, ಗಡಿಯ ಹಳ್ಳಿಗರಿಗೆ ಆಶ್ರಯ ಸಿಕ್ಕಿದೆಯೇ, ಸಂಧಿಯ ಷರತ್ತುಗಳೇನು, ಯುದ್ಧವೇ ಬೇಡವೆನ್ನುವವರ ವಾದವೇನು ಎಂಬುವು ರಹಸ್ಯಗಳಲ್ಲ, ಪ್ರಜೆಗಳ ಆಸ್ತಿ. ಅವುಗಳನ್ನು ಕೇಳುವುದರಿಂದ ಧೈರ್ಯಗೆಡುವವನು ಗಡಿಯ ಮೇಲಿನ ಸೈನಿಕನಲ್ಲ. ತಪ್ಪು ನಿರ್ಧಾರಗಳಿಂದ ಪ್ರಾಣ ತೆರುವವನು ಅವನೇ ಆದುದರಿಂದ ಆ ಪ್ರಶ್ನೆಗಳು ಅವನ ಪರವಾದ ಪ್ರಶ್ನೆಗಳೂ ಹೌದು. ಇನ್ನು ಭಿನ್ನಮತದ ವಿಷಯ. ಅದನ್ನು ವರದಿ ಮಾಡುವುದೆಂದರೆ ಅದಕ್ಕೆ ಸಹಿ ಹಾಕುವುದೆಂದಲ್ಲ. ಯುದ್ಧವಿರೋಧಿಯ ಮಾತು ತಪ್ಪೇ ಆಗಿರಬಹುದು. ಅದು ತಪ್ಪೆಂದು ತೀರ್ಮಾನಿಸಬೇಕಾದವನು ಓದುಗ, ಓದುಗನಿಗೆ ಅದು ಮೊದಲು ತಲುಪಬೇಕು.

ಇಂಗ್ಲೆಂಡಿನ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಸಿ. ಪಿ. ಸ್ಕಾಟನ ಸಂಪಾದಕತ್ವದಲ್ಲಿ ಬೋಯರ್ ಯುದ್ಧವನ್ನು ವಿರೋಧಿಸಿ ಗಿರಾಕಿಗಳನ್ನು ಕಳೆದುಕೊಂಡಿತು. ಆದರೆ ಎಮಿಲಿ ಹಾಬ್‌ಹೌಸ್ ಎಂಬ ಮಹಿಳೆ ದಕ್ಷಿಣ ಆಫ್ರಿಕದ ಬಂಧನಶಿಬಿರಗಳಲ್ಲಿ ಸಾಯುತ್ತಿದ್ದ ಹೆಂಗಸರು ಮಕ್ಕಳ ವೃತ್ತಾಂತವನ್ನು 1901ರಲ್ಲಿ ತಂದಾಗ ಆ ದೇಶಕ್ಕೆ ತನ್ನ ಮುಖವನ್ನು ನೋಡಿಕೊಳ್ಳಲು ಅಂಥ ಒಂದೆರಡು ಪತ್ರಿಕೆಗಳಾದರೂ ಇದ್ದವು. ಅದಕ್ಕೆ ವಿಪರೀತವಾದ ಉದಾಹರಣೆ 2003ರ ಇರಾಕ್ ಯುದ್ಧ. ಸರ್ವನಾಶಕ ಅಸ್ತ್ರಗಳಿವೆಯೆಂಬ ಅಮೆರಿಕ ಸರ್ಕಾರದ ಮಾತನ್ನು ಅಲ್ಲಿನ ದೊಡ್ಡ ಪತ್ರಿಕೆಗಳು ಶೋಧಿಸದೆ ಮುಖಪುಟಕ್ಕೇರಿಸಿದವು. ಫೆಬ್ರವರಿ 15ರಂದು ಲೋಕದ ನಗರಗಳಲ್ಲಿ ಲಕ್ಷಾಂತರ ಜನ ಯುದ್ಧ ಬೇಡವೆಂದು ಬೀದಿಗಿಳಿದರೂ ಅವರ ವಾದಕ್ಕೆ ಸಮನಾದ ಸ್ಥಾನ ಸಿಗಲಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ ತನ್ನ ವರದಿಗಳಲ್ಲಿ ಸಾಕಷ್ಟು ಕಟ್ಟುನಿಟ್ಟಿಲ್ಲದೆ ಹೋಯಿತೆಂದು 2004ರ ಮೇ ತಿಂಗಳಲ್ಲಿ ಒಪ್ಪಿಕೊಂಡಿತು. ಆ ವೇಳೆಗೆ ಇರಾಕ್ ಎಂಬ ದೇಶ ಛಿದ್ರವಾಗಿದ್ದಿತು. ಅಲ್ಲಿ ಯಾವ ಅಧಿಕಾರಿಯೂ ಬಂದು ಪರವಾನಗಿಯನ್ನು ಕಿತ್ತುಕೊಳ್ಳುವ ಬೆದರಿಕೆ ಹಾಕಿರಲಿಲ್ಲವೆಂಬುದನ್ನು ನೆನಪಿಡಬೇಕು. ಸ್ವಾತಂತ್ರ್ಯವಿದ್ದೂ ಅದನ್ನು ಬಳಸದಿರುವುದು ಸಾಧ್ಯ.

ನಮ್ಮ ಸ್ವತಂತ್ರ ಭಾರತದ ಅನುಭವದಲ್ಲಿ ಎರಡೂ ಬಗೆಯ ಪಾಠಗಳಿವೆ. 1962ರಲ್ಲಿ ಚೀನದೊಡನೆ ಯುದ್ಧ ನಡೆಯುತ್ತಿರುವಾಗಲೇ ಸಂಸತ್ತಿನ ಅಧಿವೇಶನವನ್ನು ಕರೆಯಬೇಕೆಂದು ಇನ್ನೂ ತರುಣರಾಗಿದ್ದ ಅಟಲ ಬಿಹಾರಿ ವಾಜಪೇಯಿಯವರು ಒತ್ತಾಯಿಸಿದರು. ನೆಹರೂ ಅವರು ಒಪ್ಪಿದರು. ನವೆಂಬರ್ 8ರಿಂದ ಸಂಸತ್ತು ಸೇರಿ ಸರ್ಕಾರವನ್ನು ಕಟುವಾಗಿ ವಿಮರ್ಶಿಸಿತು. ಅದರಿಂದ ದೇಶ ದುರ್ಬಲವಾಗಲಿಲ್ಲ. ಆದರೆ ಅದೇ ಸಂದರ್ಭದಲ್ಲಿ ಚೀನೀ ಮೂಲದವರೆಂಬ ಒಂದೇ ಕಾರಣದಿಂದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಿದಾಗ ಅವರ ಪರವಾಗಿ ಕೇಳಿದ ಧ್ವನಿಗಳು ಅತ್ಯಲ್ಪ. ಸೋಲಿನ ಕಾರಣಗಳನ್ನು ಶೋಧಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇಂದಿಗೂ ಪ್ರಕಟಿಸಿಲ್ಲ. ಯುದ್ಧ ಒಂದು ತಿಂಗಳಲ್ಲಿ ಮುಗಿದರೂ 1962ರ ಅಕ್ಟೋಬರಿನಲ್ಲಿ ಘೋಷಿಸಿದ ತುರ್ತುಪರಿಸ್ಥಿತಿ 1968ರ ಜನವರಿಯವರೆಗೆ ಮುಂದುವರಿಯಿತು. ಭದ್ರಾ ಅಣೆಕಟ್ಟಿನ ಕೆಲಸ 1965ರಲ್ಲಿ ಮುಗಿದಾಗಲೂ ದೇಶ ಆ ಕಟ್ಟಳೆಯ ಕೆಳಗೇ ಇದ್ದಿತು. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧಕ್ಕೆಂದು ಘೋಷಿಸಿದ ತುರ್ತುಪರಿಸ್ಥಿತಿಯನ್ನಂತೂ ಹಿಂತೆಗೆದುಕೊಳ್ಳುವ ಮೊದಲೇ 1975ರ ಜೂನಿನಲ್ಲಿ ಇನ್ನೊಂದು ಬಂದು ಅದರ ಮೇಲೆ ಕುಳಿತಿತು. ಪತ್ರಿಕೆಗಳ ಪೂರ್ವಪರಿಶೋಧನೆ ಆರಂಭವಾಯಿತು. ಬೆಂಗಳೂರಿನ ಸೆರೆಮನೆ ವಿರೋಧಪಕ್ಷದ ನಾಯಕರಿಂದ ತುಂಬಿತು. ಯುದ್ಧಕ್ಕೆಂದು ಬಿಟ್ಟುಕೊಟ್ಟ ಪ್ರಶ್ನಿಸುವ ಹಕ್ಕು ಯುದ್ಧ ಮುಗಿದೊಡನೆ ತಾನಾಗಿ ಹಿಂತಿರುಗಿ ಬರುವುದಿಲ್ಲ.

ಈಗ ನಮ್ಮ ಕಣ್ಣ ಮುಂದಿನ ಕಾಲಕ್ಕೆ ಬರೋಣ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಮಡಿದವರಲ್ಲಿ ನಮ್ಮ ನೆರೆಯ ಶಿವಮೊಗ್ಗದವರೂ ಒಬ್ಬರಿದ್ದರು, ಆ ಶೋಕ ಈ ಸೀಮೆಯ ಮನೆಮನೆಗಳನ್ನೂ ಹೊಕ್ಕಿತು. ಮೇ 7ರಂದು ಸೈನಿಕ ಕಾರ್ಯಾಚರಣೆ ಆರಂಭವಾಯಿತು. ಶೋಕದಲ್ಲಿರುವ ಜನಕ್ಕೆ ಸತ್ಯವನ್ನು ಹೇಳುವುದೇ ಪರಮ ಗೌರವವಾಗಿದ್ದ ಆ ಗಳಿಗೆಯಲ್ಲಿ ಮೇ 8ರ ರಾತ್ರಿ ಅನೇಕ ದೂರದರ್ಶನ ವಾಹಿನಿಗಳು ಕರಾಚಿಯ ಬಂದರು ಧ್ವಂಸವಾಯಿತೆಂದು ಸಾರಿದವು, ಅದು ಆಗಿರಲಿಲ್ಲ. ಪೂಂಚಿನಲ್ಲಿ ಷೆಲ್ ದಾಳಿಗೆ ಬಲಿಯಾದ ಒಬ್ಬ ಉಪಾಧ್ಯಾಯರನ್ನು ಕೆಲವು ವಾಹಿನಿಗಳು ಭಯೋತ್ಪಾದಕರೆಂದು ತೋರಿಸಿದವು. ಸತ್ತ ನಿರಪರಾಧಿಯ ಮನೆಯವರು ತಮ್ಮ ದುಃಖದ ಮೇಲೆ ಆ ಕಳಂಕವನ್ನೂ ಹೊರಬೇಕಾಯಿತು. ‘ದಿ ವೈರ್’ ಜಾಲತಾಣವನ್ನು ಮೇ 9ರಂದು ತಡೆಹಿಡಿಯಲಾಯಿತು. ಪಹಲ್ಗಾಮಿನಲ್ಲಿ ಪತಿಯನ್ನು ಕಳೆದುಕೊಂಡ ತರುಣಿಯೊಬ್ಬಳು ಮುಸಲ್ಮಾನರ ಮೇಲೂ ಕಾಶ್ಮೀರಿಗಳ ಮೇಲೂ ದ್ವೇಷ ಬೇಡವೆಂದು ಹೇಳಿದ್ದಕ್ಕೆ ನಿಂದೆಯ ಮಳೆ ಸುರಿಯಿತು. ಕದನವಿರಾಮವನ್ನು ಪ್ರಕಟಿಸಿದ ವಿದೇಶಾಂಗ ಕಾರ್ಯದರ್ಶಿಯವರನ್ನೂ ಜನ ಬಿಡಲಿಲ್ಲ. ನಮ್ಮ ವಿಮಾನಗಳಿಗೆ ನಷ್ಟವಾಯಿತೆಂಬುದನ್ನು ರಕ್ಷಣಾ ಪಡೆಗಳ ಮುಖ್ಯಸ್ಥರು ಒಪ್ಪಿಕೊಂಡದ್ದು ಮೇ 31ರಂದು, ಸಿಂಗಪುರದಲ್ಲಿ, ವಿದೇಶೀ ಮಾಧ್ಯಮದ ಮುಂದೆ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೂ ಕೇಳುತ್ತಲೇ ಇರಬೇಕಾಗಿದ್ದ ನಮ್ಮ ವಾಹಿನಿಗಳಲ್ಲಿ ಬಹುಪಾಲು ಆ ಮೂರು ವಾರಗಳನ್ನು ಜಯಘೋಷದಲ್ಲಿ ಕಳೆದವು. ಸಂಸತ್ತಿನಲ್ಲಿ ಈ ವಿಷಯದ ಚರ್ಚೆ ನಡೆದದ್ದು ಜುಲೈ ತಿಂಗಳ ಕೊನೆಯಲ್ಲಿ.

1940ರ ಸಂಪಾದಕರಿಗೆ ಪರವಾನಗಿಯ ಭಯವಿತ್ತು, ಕಾಗದದ ಹಂಚಿಕೆಯ ಭಯವಿತ್ತು, ಸೆರೆಮನೆಯ ಭಯವಿತ್ತು. ಇಂದಿನ ಭಯಗಳು ಬೇರೆ. ಪತ್ರಿಕೆಯ ಆದಾಯದಲ್ಲಿ ಸರ್ಕಾರೀ ಜಾಹೀರಾತಿನ ಪಾಲು ದೊಡ್ಡದು. ವಾಹಿನಿಯ ಒಡೆಯನಿಗೆ ಸರ್ಕಾರದ ಅನುಗ್ರಹ ಬೇಕಾದ ಬೇರೆ ಉದ್ಯಮಗಳಿವೆ. ಒಂದು ನಿಮಿಷ ತಡವಾದರೆ ನೋಡುಗ ಇನ್ನೊಂದು ವಾಹಿನಿಗೆ ತಿರುಗುತ್ತಾನೆಂಬ ಆತಂಕ ಸುದ್ದಿಯನ್ನು ಪರಾಮರ್ಶಿಸಲು ಎಡೆಗೊಡುವುದಿಲ್ಲ. ತಾಲ್ಲೂಕು ಹೋಬಳಿಗಳ ವರದಿಗಾರನ ಪಾಡಂತೂ ಹೇಳತೀರದು. ತರೀಕೆರೆ, ಕಡೂರು, ಅಜ್ಜಂಪುರಗಳಂಥ ಕಡೆ ದುಡಿಯುವವನಿಗೆ ಜೀವನಕ್ಕೆ ಸಾಲುವ ಸಂಬಳವಿರುವುದಿಲ್ಲ. ವಾರ್ತಾ ಇಲಾಖೆಯ ಪ್ರಕಟಣೆಯನ್ನು ಹಾಗೆಯೇ ಕಳುಹಿಸಿದರೆ ಅಚ್ಚಾಗುತ್ತದೆ, ಅದರಾಚೆ ಒಂದು ಪ್ರಶ್ನೆಯನ್ನು ಕೇಳಿದರೆ ಊರಿನ ಮುಖಂಡರ ಮುನಿಸು ಅವನ ಮನೆಯ ಬಾಗಿಲಿಗೇ ಬರುತ್ತದೆ. ಇವೆಲ್ಲಕ್ಕಿಂತ ಬಲವಾದ ಕಾರಣ ಇನ್ನೊಂದುಂಟು: ಸರ್ಕಾರ ಬೇರೆ, ದೇಶ ಬೇರೆ ಎಂಬ ವಿವೇಕವನ್ನು ಯುದ್ಧದ ಆವೇಶದಲ್ಲಿ ನಾವು, ಓದುಗರು, ಕಳೆದುಕೊಳ್ಳುತ್ತೇವೆ. ಸರ್ಕಾರಗಳು ಐದು ವರ್ಷಕ್ಕೊಮ್ಮೆ ನಮ್ಮ ಮತದಿಂದ ಬರುತ್ತವೆ, ಹೋಗುತ್ತವೆ; ಇದೇ ಚಿಕ್ಕಮಗಳೂರಿನ ಮತದಾರರು 1978ರ ಉಪಚುನಾವಣೆಯಲ್ಲಿ ದೇಶದ ದೃಷ್ಟಿಯನ್ನೆಲ್ಲ ತಮ್ಮ ಕಡೆ ಸೆಳೆದು ಇಂದಿರಾ ಗಾಂಧಿಯವರನ್ನು ಗೆಲ್ಲಿಸಿದಾಗ ಎರಡು ಪಕ್ಷಗಳ ವಾದವನ್ನೂ ಕೇಳಿಯೇ ತೀರ್ಪು ಕೊಟ್ಟರು. ಒಬ್ಬ ಪ್ರತಿನಿಧಿಯನ್ನು ಆರಿಸಲು ಎರಡು ಪಕ್ಷವನ್ನೂ ಕೇಳಬೇಕಾದ ಪ್ರಜೆ, ಸಾವಿರಾರು ಪ್ರಾಣಗಳ ಪ್ರಶ್ನೆಯಾದ ಯುದ್ಧದ ವಿಷಯದಲ್ಲಿ ಒಂದೇ ಪಕ್ಷವನ್ನು ಕೇಳಿ ತೃಪ್ತನಾಗುವುದು ಹೇಗೆ ನ್ಯಾಯ?

ಮಾರ್ಗವಿಲ್ಲವೆಂದು ಕೈಚೆಲ್ಲುವ ಕಾರಣವಿಲ್ಲ. 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದಾಗ ಸಂಸ್ಥಾನದ ಸರ್ಕಾರ ಪತ್ರಿಕೆಗಳ ಮೇಲೆ ಪೂರ್ವಪರಿಶೋಧನೆಯನ್ನು ಹೇರಿತು, ಎಚ್. ಎಸ್. ದೊರೆಸ್ವಾಮಿಯವರು ತಮ್ಮ ‘ಪೌರವಾಣಿ’ಯನ್ನು ಗಡಿಯಾಚೆಯ ಹಿಂದೂಪುರಕ್ಕೆ ಒಯ್ದು ಅಲ್ಲಿ ಅಚ್ಚು ಹಾಕಿಸಿ ಮೈಸೂರಿನ ಓದುಗರಿಗೆ ಮುಟ್ಟಿಸಿದರು. ಅವರ ಬಳಿ ಬಂಡವಾಳವಿರಲಿಲ್ಲ. ಓದುಗರು ತಮ್ಮನ್ನು ಕೈಬಿಡಲಾರರೆಂಬ ನಂಬಿಕೆಯಿದ್ದಿತು. ಆ ನಂಬಿಕೆಯನ್ನು ಮತ್ತೆ ಗಳಿಸುವುದು ಪತ್ರಿಕೆಯ ಕೆಲಸ, ಕೊಡುವುದು ನಮ್ಮ ಕೆಲಸ. ಯುದ್ಧದ ದಿನಗಳಲ್ಲಿ ಸರ್ಕಾರ ಹೇಳಿದ್ದನ್ನು ‘ಸರ್ಕಾರ ಹೇಳಿದೆ’ ಎಂದೇ ಬರೆಯತಕ್ಕದ್ದು, ತಾನೇ ಕಂಡಂತೆ ಬರೆಯತಕ್ಕದ್ದಲ್ಲ; ಪರಿಶೀಲಿಸಲಾಗದ್ದನ್ನು ಪರಿಶೀಲಿಸಿಲ್ಲವೆಂದು ಹೇಳತಕ್ಕದ್ದು; ತಪ್ಪಾದಾಗ ತಪ್ಪು ಪ್ರಕಟವಾದಷ್ಟೇ ದೊಡ್ಡ ಅಕ್ಷರಗಳಲ್ಲಿ ತಿದ್ದಿಕೊಳ್ಳತಕ್ಕದ್ದು; ಯುದ್ಧ ಬೇಡವೆನ್ನುವ ಸಭೆ ನಡೆದರೆ ಅಲ್ಲಿ ಯಾರು ಏನು ಹೇಳಿದರೆಂಬುದನ್ನು ಬರೆಯತಕ್ಕದ್ದು; ಒಂದು ಪತ್ರಿಕೆಯ ಬಾಯಿ ಕಟ್ಟಿದಾಗ ಉಳಿದ ಪತ್ರಿಕೆಗಳು, 1943ರ ಜನವರಿಯಲ್ಲಿ ಮಾಡಿದಂತೆ, ಅದನ್ನು ತಮ್ಮದೇ ಸಂಕಟವೆಂದು ಭಾವಿಸತಕ್ಕದ್ದು. ಓದುಗನ ಪಾಲಿಗೆ ಉಳಿಯುವುದು ಇನ್ನೂ ಸರಳವಾದ ಕರ್ತವ್ಯ: ತನಗೆ ಹಿಡಿಸದ ಅಭಿಪ್ರಾಯವನ್ನು ಪ್ರಕಟಿಸಿತೆಂಬ ಕಾರಣಕ್ಕೆ ಪತ್ರಿಕೆಯನ್ನು ಬಿಡದಿರುವುದು, ಹಾಗೂ ಅಂಥ ಅಭಿಪ್ರಾಯ ತಿಂಗಳುಗಟ್ಟಲೆ ಕಾಣದೆ ಹೋದರೆ ಸಂಪಾದಕರಿಗೆ ಒಂದು ಕಾಗದ ಬರೆದು ಕಾರಣವನ್ನು ಕೇಳುವುದು. ಅಂಥ ಕಾಗದಗಳು ಲಕ್ಕವಳ್ಳಿಯಿಂದಲೂ ತರೀಕೆರೆಯಿಂದಲೂ ಹೋಗತೊಡಗಿದರೆ, ಸರ್ಕಾರಕ್ಕೆ ಹೆದರುವ ಸಂಪಾದಕನಿಗೆ ಓದುಗನ ಭಯವೂ ಹುಟ್ಟೀತು. ಅವನು ಹೆದರಬೇಕಾದದ್ದು ವಾಸ್ತವವಾಗಿ ಓದುಗನಿಗೇ.